ಸೂಜಿ ಹಿಡಿದರೆ ಕೈ ನಡುಗುತ್ತದೆ, ವಿಆರ್ ಕನ್ನಡಕ ತಗೊಳ್ಳಲಾ?

ಪ್ರಶ್ನೆ: ಸರ್, ನಾನು ವಿರಾಜಪೇಟೆಯವಳು. ಅಕ್ಯುಪಂಕ್ಚರ್ ಕೋರ್ಸಿಗೆ ಸೇರಿ ಎರಡು ತಿಂಗಳಾಯಿತು. ಪಾಠವೆಲ್ಲ ಆನ್‌ಲೈನ್, ಪ್ರಾಕ್ಟಿಕಲ್ ತಿಂಗಳಿಗೊಮ್ಮೆ ಮೈಸೂರಿನಲ್ಲಿ. ಮೈಮೇಲೆ ಸೂಜಿ ಹಾಕುವ ಬಿಂದುಗಳ ಹೆಸರು ಬಾಯಿಪಾಠ ಬರುತ್ತದೆ, ಸೂಜಿ ಹಿಡಿದರೆ ಮಾತ್ರ ಕೈ ನಡುಗುತ್ತದೆ. ದೇಹದೊಳಗನ್ನು ಕಣ್ಣೆದುರೇ ಇದ್ದಂತೆ ತೋರಿಸುವ ವಿಆರ್ ಕನ್ನಡಕ ಹಾಕಿಕೊಂಡು ಕಲಿಯಬಹುದಂತೆ, ದುಡ್ಡು ಹಾಕಲಾ?

ಉತ್ತರ: ಈಗಲೇ ಬೇಡಮ್ಮ. ನರ, ಸ್ನಾಯು, ರಕ್ತನಾಳ ಎಲ್ಲಿವೆ ಅಂತ ಅದರಲ್ಲಿ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಚರ್ಮ ದಾಟುವಾಗ ಬೆರಳಿಗೆ ಸಿಗುವ ಆ ಸಣ್ಣ 'ಟಕ್' ಅದರ ಜೊತೆ ಕೈಯಲ್ಲಿ ಹಿಡಿಯುವ ಮಾಮೂಲಿ ಕಂಟ್ರೋಲರ್‌ನಲ್ಲಿ ಎಲ್ಲಿಂದ ಬರಬೇಕು? ನಾವು ಹಿಡಿಯುವುದು 0.25 ಮಿಲಿಮೀಟರ್ ದಪ್ಪದ ಸೂಜಿ, ಜೋರು ಮಾಡಿದರೆ ಬಾಗುತ್ತದೆ. ಸದ್ಯಕ್ಕೆ ಕಿತ್ತಳೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಫೋನು ಸಾಕು. ನಮ್ಮ ಕೊಡಗಿನ ಕಿತ್ತಳೆಯ ಸಿಪ್ಪೆ ತೊಳೆಗೆ ಅಂಟಿಕೊಂಡಿರುವುದಿಲ್ಲ ಅಲ್ವಾ, ಹಾಗಾಗಿ ಸಿಪ್ಪೆ ದಾಟಿದ್ದು ಒಂದು ಥರ, ಆಮೇಲೆ ತೊಳೆಗೆ ತಾಗಿದ್ದು ಇನ್ನೊಂದು ಥರ ಅಂತ ಕೈಗೆ ಗೊತ್ತಾಗುತ್ತದೆ. (ಆ ಹಣ್ಣು ತಿನ್ನಬೇಡಿ ಮತ್ತೆ!) ಹಣ್ಣನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು ಚುಚ್ಚಿ, ಎಷ್ಟು ಒತ್ತುತ್ತೀರಿ ಅಂತ ಗ್ರಾಂ ಲೆಕ್ಕದಲ್ಲೇ ತೋರಿಸುತ್ತದೆ. ಅಂಕಿ ಒಮ್ಮೆಲೇ ಜಿಗಿದರೆ ಕೈ ಬಿಗಿ ಮಾಡಿದ್ದೀರಿ. ಫೋನನ್ನು ಸೂಜಿಯ ಮಟ್ಟಕ್ಕೇ ಪಕ್ಕದಲ್ಲಿ ನಿಲ್ಲಿಸಿ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ನೇರ ಹಾಕಿದೆ ಅಂದುಕೊಂಡಿದ್ದು ಓರೆ ಇರುತ್ತದೆ, ಬೇಕಾದರೆ ನೋಡಿ. ಅದೇ ವಿಡಿಯೊ ನಿಮ್ಮ ಮೇಷ್ಟ್ರಿಗೂ ಕಳಿಸಿ.

ಪ್ರಶ್ನೆ: ಬಿಂದು ತೋರಿಸುವ ಆ್ಯಪ್ ನಂಬಬಹುದಾ ಸರ್?

ಉತ್ತರ: ನೆನಪಿಟ್ಟುಕೊಳ್ಳಲು ಸರಿ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 361 ಬಿಂದುಗಳ ಜಾಗ ಗೊತ್ತುಮಾಡಿ ಪುಸ್ತಕ ತಂದಿದೆ, ಆ್ಯಪ್ ಅದಕ್ಕೆ ಹೊಂದುತ್ತದಾ ನೋಡಿ. ಆದರೆ ಬಿಂದು ಎಷ್ಟು ದೂರದಲ್ಲಿದೆ ಅಂತ ಅಳೆಯುವ 'ತ್ಸುನ್' ಅಳತೆ ರೋಗಿಯ ಬೆರಳಿನದು. ಹೆಬ್ಬೆರಳಿನ ಅಗಲ ಒಂದು ತ್ಸುನ್, ನಾಲ್ಕು ಬೆರಳು ಸೇರಿದರೆ ಮೂರು. ಎಲ್ಲರಿಗೂ ನಿಮ್ಮ ಬೆರಳನ್ನೇ ಇಟ್ಟು ಅಳೆದರೆ ತಪ್ಪುತ್ತದೆ. ಮೊದಲು ಪೆನ್ನಿನಲ್ಲಿ ಗುರುತು ಹಾಕಿ, ಆಮೇಲೆ ಆ್ಯಪ್ ತೆರೆದು ಹೋಲಿಸಿ. ಮೊದಲೇ ಆ್ಯಪ್ ನೋಡಿದರೆ ಬೆರಳು ಹುಡುಕುವುದನ್ನೇ ಬಿಡುತ್ತದೆ. ಪಾಠದ ವಿಡಿಯೊಗಳನ್ನು ಮಳೆಗಾಲಕ್ಕೆ ಮುಂಚೆ ಇಳಿಸಿಟ್ಟುಕೊಳ್ಳಿ, ಜುಲೈನಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಕಥೆ ಗೊತ್ತಲ್ಲ.

ಪ್ರಶ್ನೆ: ನಮ್ಮೆಜಮಾನರಿಗೆ ಭುಜ ನೋವು. ಸುಮ್ನೆ ಒಂದು ಹಾಕಿ ನೋಡಲಾ?

ಉತ್ತರ: ಬೇಡವೇ ಬೇಡ! ಕತ್ತು, ಭುಜ ಸೇರುವ ಜಾಗದ ಕೆಳಗೇ ಶ್ವಾಸಕೋಶದ ತುದಿ ಇದೆ. ಸೂಜಿ ಆಳಕ್ಕೆ ಹೋದರೆ ಗಾಳಿ ಸೋರಿ ಆಸ್ಪತ್ರೆ ಸೇರಬೇಕಾಗುತ್ತದೆ. ಮನುಷ್ಯರಿಗೆ ಹಾಕುವುದು ಮೇಷ್ಟ್ರ ಎದುರಿಗೆ ಮಾತ್ರ. ಅಲ್ಲಿ ಅಲ್ಟ್ರಾಸೌಂಡ್ ಇದ್ದರೆ ಆ ಜಾಗವನ್ನು ತೋರಿಸಲು ಕೇಳಿ, ಚರ್ಮದಿಂದ ಶ್ವಾಸಕೋಶ ಎಷ್ಟು ಹತ್ತಿರ ಅಂತ ಕಣ್ಣಾರೆ ಕಾಣುತ್ತದೆ. ಮತ್ತೆ, ಕಿತ್ತಳೆಗೆ ಚುಚ್ಚಿದ ಸೂಜಿಗಳನ್ನು ಎಣಿಸಿ ದಪ್ಪ ಡಬ್ಬಿಗೆ ಹಾಕಿಡಿ. ಹಣ್ಣಿನ ಜೊತೆ ತೋಟದ ಗೊಬ್ಬರದ ಗುಂಡಿಗೆ ಹೋದರೆ ಕೆಲಸದವರ ಕೈಗೋ ಕಾಲಿಗೋ ಚುಚ್ಚುತ್ತದೆ.