ಮಿಡ್‌ಟರ್ಮ್‌ನಲ್ಲಿ ಯಾರಿಗೆ ಎಷ್ಟು ಸೀಟು? ಲೆಕ್ಕ ಹಾಕಿ ನೋಡಿದವರ ಅನುಭವ

ಕೇಳಿದವರು: ನಾರ್ತ್ ಕೆರೊಲಿನಾದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಮಗ ಹೈಸ್ಕೂಲ್‌ನಲ್ಲಿ ಗವರ್ನಮೆಂಟ್ ಕ್ಲಾಸ್ ತಗೊಂಡಿದ್ದಾನೆ. 2026ರ ನವೆಂಬರ್ 3ರ ಮಿಡ್‌ಟರ್ಮ್ ಬಗ್ಗೆ ಒಂದು ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಅಮೆರಿಕದ ಸಂಸತ್ತಿನ ಕೆಳಮನೆ ಹೌಸ್‌ನಲ್ಲಿ ಯಾವ ಪಕ್ಷಕ್ಕೆ ಸೀಟು ಹೆಚ್ಚುತ್ತೆ, ಮೇಲ್ಮನೆ ಸೆನೆಟ್‌ನಲ್ಲಿ ಯಾರಿಗೆ, ಅಂದಾಜು ಎಷ್ಟು, ಕಾರಣ ಸಮೇತ ಬರೆಯಬೇಕಂತೆ. ನಮಗಿನ್ನೂ ಇಲ್ಲಿ ವೋಟಿಲ್ಲ. ಹಾಗಾಗಿ ನಾನೂ ಇದನ್ನೆಲ್ಲ ಹತ್ತಿರದಿಂದ ನೋಡಿದವಳಲ್ಲ. ಅವನು ನಾಲ್ಕು ದಿನದಿಂದ ಒಂದೇ ಒಂದು ಸರ್ವೆ ಮುಂದಿಟ್ಟುಕೊಂಡು ಕೂತಿದ್ದಾನೆ. ಹಿಂದಿನ ಮಿಡ್‌ಟರ್ಮ್‌ಗಳಲ್ಲಿ ಊಹೆ ಸರಿಯಾದವರೂ ತಪ್ಪಿದವರೂ ದಯವಿಟ್ಟು ಹೇಳಿ. ಮೊದಲು ಏನನ್ನು ನೋಡಬೇಕು?

ಫಿಲಡೆಲ್ಫಿಯಾ ಪಕ್ಕದ ಚೆಸ್ಟರ್ ಕೌಂಟಿಯಿಂದ

ಅಕ್ಕಾ, ನಮ್ಮ ಊರಲ್ಲಿ ಮಧ್ಯಂತರ ಚುನಾವಣೆ ಅಂದ್ರೆ ಸರ್ಕಾರ ಬಿದ್ದು ಅವಧಿಗೆ ಮುಂಚೆ ಬರುವ ಚುನಾವಣೆ. ಇಲ್ಲಿ ಹಾಗಲ್ಲ. ಅಧ್ಯಕ್ಷರ ನಾಲ್ಕು ವರ್ಷದ ನಟ್ಟನಡುವೆ ತಪ್ಪದೆ ಬರುತ್ತೆ. ಹೌಸ್‌ನ 435 ಸೀಟಿಗೂ, ಸೆನೆಟ್‌ನ ಸುಮಾರು ಮೂರನೇ ಒಂದು ಪಾಲಿಗೂ. ಅಧ್ಯಕ್ಷರ ಹೆಸರು ಬ್ಯಾಲೆಟ್‌ನಲ್ಲಿ ಇರೋದಿಲ್ಲ. ಆದರೆ ಬಹಳ ಜನ ವೋಟು ಹಾಕೋದು ಅವರನ್ನು ಮನಸ್ಸಲ್ಲಿ ಇಟ್ಟುಕೊಂಡೇ. ಇದನ್ನು ಮಗನಿಗೆ ಮೊದಲು ಹೇಳಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ 2022ರವರೆಗೆ ನಡೆದ ಮಿಡ್‌ಟರ್ಮ್‌ಗಳಲ್ಲಿ ಅಧ್ಯಕ್ಷರ ಪಕ್ಷಕ್ಕೆ ಹೌಸ್‌ನಲ್ಲಿ ಸೀಟು ಹೆಚ್ಚಾಗಿದ್ದು ಎರಡೇ ಸಲ. ಒಂದು 1998. ರಿಪಬ್ಲಿಕನ್ನರು ಕ್ಲಿಂಟನ್ ಮೇಲೆ ವಾಗ್ದಂಡನೆಗೆ ಹೊರಟಿದ್ದ ಹೊತ್ತು. ಆದರೆ ಜನರ ಕೈಯಲ್ಲಿ ಕೆಲಸ ಇತ್ತು, ದುಡ್ಡು ಓಡಾಡುತ್ತಿತ್ತು. ಡೆಮಾಕ್ರಟರಿಗೆ 5 ಸೀಟು ಹೆಚ್ಚಾಯಿತು. ಇನ್ನೊಂದು 2002, ಸೆಪ್ಟೆಂಬರ್ 11ರ ದಾಳಿಯ ಮರುವರ್ಷ. ಬುಷ್ ಪಕ್ಷಕ್ಕೆ 8 ಹೆಚ್ಚಾಯಿತು. ಎರಡೂ ಸಲ ಅಧ್ಯಕ್ಷರ ಕೆಲಸ ಮೆಚ್ಚುತ್ತೇವೆ ಅಂದವರು ನೂರಕ್ಕೆ 60ಕ್ಕಿಂತ ಜಾಸ್ತಿ. ಉಳಿದ ಎಲ್ಲ ಸಲ ನಷ್ಟವೇ. ಗೆದ್ದ ಪಕ್ಷದವರು ನೆಮ್ಮದಿಯಾಗಿ ಮನೆಯಲ್ಲಿ ಕೂತುಬಿಡುತ್ತಾರೆ. ಸೋತವರು ಎರಡು ವರ್ಷದಿಂದ ಕಾಯುತ್ತಿರುತ್ತಾರೆ. ನಡುವಿನವರು ಎಲ್ಲಾ ಅಧಿಕಾರ ಒಬ್ಬರ ಕೈಗೇ ಯಾಕೆ ಅಂತ ಯೋಚಿಸುತ್ತಾರೆ.

ಅಂದ್ರೆ ಗಾಳಿ ಯಾವ ಕಡೆ ಅಂತ ಹೇಳೋದು ಕಷ್ಟವಲ್ಲ. ಎಷ್ಟು ಸೀಟು ಅನ್ನೋದೇ ಕಷ್ಟ. ಅದಕ್ಕೆ ನಾನು ಮೊದಲು ನೋಡೋದು ಸರ್ವೆಯನ್ನಲ್ಲ. ಅಧ್ಯಕ್ಷರ ಪಕ್ಷದ ಹತ್ತಿರ ಕಳೆದುಕೊಳ್ಳೋಕೆ ಎಷ್ಟಿದೆ ಅಂತ.

2010 ತಗೊಳ್ಳಿ. 2006, 2008 ಎರಡರಲ್ಲೂ ಡೆಮಾಕ್ರಟರು ಭರ್ಜರಿಯಾಗಿ ಗೆದ್ದಿದ್ದರು. 2008ರ ಅಧ್ಯಕ್ಷರ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಗೆದ್ದ 49 ಕ್ಷೇತ್ರಗಳಲ್ಲಿ ಹೌಸ್ ಸೀಟು ಡೆಮಾಕ್ರಟರ ಕೈಯಲ್ಲಿತ್ತು. ಅವೆಲ್ಲ ಎರವಲು ತಂದ ಸೀಟುಗಳ ಹಾಗೆ. ಒಬಾಮಾರನ್ನು ಮೆಚ್ಚುವವರು ನೂರಕ್ಕೆ 45ರ ಆಸುಪಾಸು ಇದ್ದರು. 63 ಸೀಟು ಹೋಯಿತು. 2022ರಲ್ಲಿ ಬೈಡನ್‌ರನ್ನು ಮೆಚ್ಚುವವರು ಇನ್ನೂ ಕಡಿಮೆ, 40ರ ಆಸುಪಾಸು. ಹೋಗಿದ್ದು 9 ಮಾತ್ರ. ಯಾಕೆಂದರೆ 2020ರಲ್ಲೇ ಅವರು 222ಕ್ಕೆ ಇಳಿದಿದ್ದರು. ಅಟ್ಟದ ಮೇಲಿಂದ ಬೀಳೋದಕ್ಕೂ ಜಗಲಿ ಮೇಲಿಂದ ಬೀಳೋದಕ್ಕೂ ಪೆಟ್ಟು ಒಂದೇ ಅಲ್ಲ ಅಲ್ವಾ.

ಇನ್ನು ನಾನು ಕಣ್ಣಾರೆ ಕಂಡಿದ್ದು. 2018ರ ಅಕ್ಟೋಬರ್‌ನಲ್ಲಿ ಪ್ರತಿ ಶನಿವಾರ ನಮ್ಮ ಕೌಂಟಿಯಲ್ಲಿ ಮನೆಮನೆಗೆ ಹೋಗುತ್ತಿದ್ದೆ. ಫೋನಿನಲ್ಲಿ ವಿಳಾಸಗಳ ಪಟ್ಟಿ ಕೊಟ್ಟಿರುತ್ತಾರೆ. ನನ್ನ ಪಟ್ಟಿಯಲ್ಲಿ ಅಧ್ಯಕ್ಷರ ಚುನಾವಣೆಗೆ ಮಾತ್ರ ಬಂದು ಮಿಡ್‌ಟರ್ಮ್‌ಗೆ ಬಾರದವರೇ ಜಾಸ್ತಿ. ಒಂದು ಮನೆ ಮುಂದೆ ಅಜ್ಜಿಯೊಬ್ಬರು ಉದುರಿದ ಎಲೆ ಗುಡ್ಡೆ ಮಾಡುತ್ತಿದ್ದರು. ನಾನು ಬಾಯಿ ತೆಗೆಯೋ ಮುಂಚೆಯೇ ಕೈಗವಸು ಬಿಚ್ಚಿ, "ತಾರೀಕು ನನಗೆ ಹೇಳಬೇಡಪ್ಪ, ಗೊತ್ತು. ಒಳಗೆ ನನ್ನ ಗಂಡ ಇದ್ದಾನೆ, ಅವನಿಗೆ ಹೇಳು" ಅಂದರು. ಆ ಬೀದಿಯಲ್ಲಿ ಹೀಗೆ ತಾರೀಕು ಬಾಯಿಪಾಠ ಇದ್ದವರು ನಾಲ್ಕೈದು ಮನೆಯಲ್ಲಿ ಸಿಕ್ಕರು. 2014ರಲ್ಲಿ ದೇಶದ ಅರ್ಹ ಮತದಾರರಲ್ಲಿ ನೂರಕ್ಕೆ 37ರಷ್ಟು ಜನವೂ ವೋಟು ಹಾಕಿರಲಿಲ್ಲ. 2018ರಲ್ಲಿ ಅದು ಸುಮಾರು 50ಕ್ಕೆ ಏರಿತು. ಡೆಮಾಕ್ರಟರಿಗೆ 40ರ ಆಸುಪಾಸು ಸೀಟು ಹೆಚ್ಚಾಯಿತು.

ಸುಳಿವು ಮೊದಲೇ ಸಿಕ್ಕಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಪಿಟ್ಸ್‌ಬರ್ಗ್ ಪಕ್ಕದ ಒಂದು ಸೀಟಿಗೆ ಉಪಚುನಾವಣೆ ಆಯಿತು. 2016ರಲ್ಲಿ ಟ್ರಂಪ್ ಹತ್ತಿರ ಹತ್ತಿರ 20 ಪಾಯಿಂಟ್‌ನಿಂದ, ಅಂದ್ರೆ ನೂರಕ್ಕೆ 20 ವೋಟಿನ ಅಂತರದಿಂದ ಗೆದ್ದಿದ್ದ ಜಾಗ. ಅಲ್ಲಿ ಡೆಮಾಕ್ರಟ್ ಕಾನರ್ ಲ್ಯಾಂಬ್ ಸಾವಿರಕ್ಕೂ ಕಡಿಮೆ ವೋಟಿನಿಂದ ಗೆದ್ದರು. ಉಪಚುನಾವಣೆಯಲ್ಲಿ ಯಾರು ಗೆದ್ದರು ಅನ್ನೋದಕ್ಕಿಂತ, ಹಿಂದಿನ ಅಧ್ಯಕ್ಷರ ಚುನಾವಣೆಗೆ ಹೋಲಿಸಿದರೆ ಅಂತರ ಎಷ್ಟು ಸರಿಯಿತು ಅಂತ ನೋಡಿ. ಒಂದಲ್ಲ, ಏಳೆಂಟು ಉಪಚುನಾವಣೆ ಒಟ್ಟಿಗೆ ಇಟ್ಟು ನೋಡಿ.

ಇನ್ನೊಂದನ್ನು ಮುಚ್ಚಿಡಬಾರದು. ಪೆನ್ಸಿಲ್ವೇನಿಯಾದ ಸೀಟುಗಳು 2016ರಲ್ಲಿ ರಿಪಬ್ಲಿಕನ್ನರಿಗೆ 13, ಡೆಮಾಕ್ರಟರಿಗೆ 5 ಇದ್ದವು. 2018ರಲ್ಲಿ 9-9 ಆಯಿತು. ನಾವು ಬಾಗಿಲು ಬಡಿದಿದ್ದು ನಿಜ. ಆದರೆ ಅದೇ ವರ್ಷ ಜನವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕ್ಷೇತ್ರಗಳ ಗಡಿ ತೋರಿಸುವ ಹಳೆ ನಕ್ಷೆ ರದ್ದು ಮಾಡಿ, ಫೆಬ್ರವರಿಯಲ್ಲಿ ಹೊಸದು ಕೊಟ್ಟಿತ್ತು. ಹಳೆ ನಕ್ಷೆಯಲ್ಲಿ ನಮ್ಮ ಕಡೆಯ 7ನೇ ಕ್ಷೇತ್ರ ಎಷ್ಟು ವಕ್ರವಾಗಿತ್ತೆಂದರೆ, ಕಾರ್ಟೂನಿನ ಗೂಫಿ ಡೊನಾಲ್ಡ್ ಡಕ್‌ಗೆ ಒದೆಯುತ್ತಿರುವ ಚಿತ್ರದ ಹಾಗಿದೆ ಅಂತ ಜನ ಹೆಸರಿಟ್ಟಿದ್ದರು. ನಕ್ಷೆ ನೋಡದೆ ಸೀಟು ಎಣಿಸಬೇಡಿ.

ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್‌ನಿಂದ

ನಾನು ತಪ್ಪಿದವನು, ಅದನ್ನೇ ಹೇಳುತ್ತೇನೆ. 2022ರಲ್ಲಿ ಆಫೀಸಿನಲ್ಲಿ ಎಲ್ಲರೂ ಚೀಟಿಯಲ್ಲಿ ಅಂಕಿ ಬರೆದು ಡಬ್ಬಿಗೆ ಹಾಕಿದ್ದೆವು. ನಾನು ಬರೆದಿದ್ದು ರಿಪಬ್ಲಿಕನ್ನರಿಗೆ 30 ಹೆಚ್ಚು. ಕಾರಣ ಗಟ್ಟಿಯಾಗೇ ಕಾಣುತ್ತಿತ್ತು. ಜೂನ್‌ನಲ್ಲಿ ಬೆಲೆ ಏರಿಕೆ ಶೇಕಡಾ 9.1. ಪೆಟ್ರೋಲ್ ಗ್ಯಾಲನ್‌ಗೆ 5 ಡಾಲರ್ ಮುಟ್ಟಿತ್ತು. ಅಧ್ಯಕ್ಷರ ಮೇಲೆ ಅಸಮಾಧಾನ. ಬಂದಿದ್ದು ಮಾತ್ರ 9. ಕೊನೆಗೆ ರಿಪಬ್ಲಿಕನ್ನರಿಗೆ 222, ಡೆಮಾಕ್ರಟರಿಗೆ 213.

ಕಣ್ಣೆದುರೇ ಇದ್ದದ್ದನ್ನು ನಾನು ಬಿಟ್ಟುಬಿಟ್ಟಿದ್ದೆ. ಜೂನ್ 24ರಂದು ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕಿನ ಹಳೆ ತೀರ್ಪನ್ನು ರದ್ದು ಮಾಡಿತು. ಆಗಸ್ಟ್ 2ರಂದು ಕ್ಯಾನ್ಸಸ್‌ನಲ್ಲಿ ಆ ಹಕ್ಕನ್ನು ರಾಜ್ಯದ ಸಂವಿಧಾನದಿಂದ ತೆಗೆಯಬೇಕೇ ಅಂತ ಜನಮತ ಕೇಳಿದರು. ಅಷ್ಟು ಗಟ್ಟಿ ರಿಪಬ್ಲಿಕನ್ ರಾಜ್ಯದಲ್ಲಿ ನೂರಕ್ಕೆ 59 ಜನ ಬೇಡ ಅಂದರು. ಆಗಸ್ಟ್ 23ರಂದು ನಮ್ಮ ರಾಜ್ಯದಲ್ಲೇ, ಹಡ್ಸನ್ ಕಣಿವೆಯ 19ನೇ ಕ್ಷೇತ್ರದ ಉಪಚುನಾವಣೆಯಲ್ಲಿ ಡೆಮಾಕ್ರಟ್ ಪ್ಯಾಟ್ ರಯಾನ್ ಗೆದ್ದರು. ಆ ಸುದ್ದಿ ಓದಿದ್ದೆ. ಒಂದೇ ಒಂದು ಸೀಟು, ಅದರಲ್ಲೇನಿದೆ ಅಂದುಕೊಂಡು ಪುಟ ತಿರುಗಿಸಿದ್ದೆ.

ನನ್ನನ್ನು ದಾರಿ ತಪ್ಪಿಸಿದ್ದು ನನ್ನ ಸುತ್ತಮುತ್ತಲೇ. ಲಾಂಗ್ ಐಲ್ಯಾಂಡ್‌ನಲ್ಲಿ ಎಲ್ಲಿ ಹೋದರೂ ಅಪರಾಧದ ಮಾತು, ಟ್ಯಾಕ್ಸಿನ ಮಾತು. ಇಲ್ಲಿನ ನಾಲ್ಕೂ ಸೀಟು ರಿಪಬ್ಲಿಕನ್ನರೇ ಗೆದ್ದರು. ಅಂದ್ರೆ ನನ್ನ ಬೀದಿಯ ಮಟ್ಟಿಗೆ ನಾನು ಸರಿ. ಆದರೆ ಅದೇ ರಾತ್ರಿ ಪೆನ್ಸಿಲ್ವೇನಿಯಾ, ಮಿಷಿಗನ್‌ನಲ್ಲಿ ಗಾಳಿ ಬೇರೆ ಇತ್ತು. ಅಲೆ ಎಲ್ಲಾ ದಡದಲ್ಲೂ ಒಂದೇ ಎತ್ತರಕ್ಕೆ ಬರೋದಿಲ್ಲ.

ಇನ್ನೊಂದು ಮಾತು, ಇದು ನಿಮ್ಮ ಮಗನಿಗೆ ಖಂಡಿತ ಬೇಕು. "ನಿಮ್ಮ ಕ್ಷೇತ್ರದಲ್ಲಿ ಯಾವ ಪಕ್ಷಕ್ಕೆ ವೋಟು ಹಾಕ್ತೀರಿ" ಅಂತ ಇಡೀ ದೇಶಕ್ಕೆ ಕೇಳುವ ಸರ್ವೆ ಇದೆಯಲ್ಲ, ಜೆನೆರಿಕ್ ಬ್ಯಾಲೆಟ್, 2022ರಲ್ಲಿ ಅದರ ಸರಾಸರಿ ರಿಪಬ್ಲಿಕನ್ನರನ್ನು ಒಂದು ಪಾಯಿಂಟ್‌ನಷ್ಟು ಮುಂದೆ ತೋರಿಸುತ್ತಿತ್ತು. ನಿಜವಾದ ವೋಟಿನಲ್ಲಿ ಅವರು ಹತ್ತಿರ ಹತ್ತಿರ 3 ಪಾಯಿಂಟ್ ಮುಂದಿದ್ದರು. ಹಾಗಿದ್ದೂ ಸಿಕ್ಕಿದ್ದು 9 ಸೀಟು. ಸರ್ವೆಗಳು ದೊಡ್ಡ ಅಲೆ ಅಂತ ಹೇಳೇ ಇರಲಿಲ್ಲ. ಹಿಂದಿನ ಕಥೆ ನಂಬಿಕೊಂಡು ಅಲೆ ಅಂದವರು ನಾವು. ಒಂದು ಸರ್ವೆ ಇಟ್ಟುಕೊಂಡು ಕೂರೋದು ಬೇಡ, ಸರಾಸರಿ ನೋಡಲಿ. ಮನೆಯವರು, ಪಕ್ಕದವರು ಹೇಳಿದ್ದನ್ನು ದೇಶದ ಮಾತು ಅಂದುಕೊಳ್ಳೋದಂತೂ ಬೇಡವೇ ಬೇಡ.

ಡಲ್ಲಾಸ್ ಹತ್ತಿರದ ಫ್ರಿಸ್ಕೋದಿಂದ

ಚೆಸ್ಟರ್ ಕೌಂಟಿಯವರು ನಕ್ಷೆ ಅಂದರಲ್ಲ, ಈ ಸಲ ಅದೇ ದೊಡ್ಡ ವಿಷಯ. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ, ಜನಗಣತಿ ಆದ ಮೇಲೆ ಗಡಿ ಬದಲಾಗುತ್ತೆ. ಆದರೆ 2025ರ ಆಗಸ್ಟ್‌ನಲ್ಲಿ ನಮ್ಮ ಟೆಕ್ಸಸ್ ನಡುವೆಯೇ ಹೊಸ ನಕ್ಷೆ ಮಾಡಿತು. ರಿಪಬ್ಲಿಕನ್ನರಿಗೆ ಇನ್ನೂ 5 ಸೀಟು ಸಿಗಲಿ ಅಂತ. ನವೆಂಬರ್ 4ಕ್ಕೆ ಕ್ಯಾಲಿಫೋರ್ನಿಯಾದ ಜನ ಪ್ರಪೊಸಿಷನ್ 50 ಅನ್ನೋ ಜನಮತದಲ್ಲಿ ಅಲ್ಲಿನ ಹೊಸ ನಕ್ಷೆ ಒಪ್ಪಿದರು. ಅದು ಡೆಮಾಕ್ರಟರಿಗೆ 5 ಸಿಗಲಿ ಅಂತ. ಅಕ್ಕಾ, ನಿಮ್ಮ ನಾರ್ತ್ ಕೆರೊಲಿನಾದಲ್ಲೂ ಅಕ್ಟೋಬರ್‌ನಲ್ಲಿ ಈಶಾನ್ಯದ 1ನೇ ಕ್ಷೇತ್ರದ ಗಡಿ ಬದಲಾಯಿಸಿದರು. ಮಗನಿಗೆ ಅಲ್ಲಿಂದಲೇ ಶುರು ಮಾಡೋಕೆ ಹೇಳಿ. ಹಳೆ ನಕ್ಷೆ, ಹೊಸ ನಕ್ಷೆ ಎರಡನ್ನೂ ಪಕ್ಕಪಕ್ಕ ಅಂಟಿಸಿದರೆ ಟೀಚರ್‌ಗೂ ಒಂದೇ ನೋಟಕ್ಕೆ ಅರ್ಥವಾಗುತ್ತೆ. ಇಂಥ ನಕ್ಷೆಗಳ ಮೇಲೆ ಕೋರ್ಟ್ ಕೇಸುಗಳೂ ನಡೆಯುತ್ತವೆ. ಬರೆಯುವ ದಿನ ಯಾವುದು ಜಾರಿಯಲ್ಲಿದೆ ಅಂತ ನೋಡಿಕೊಳ್ಳಲಿ.

ಗಡಿ ಎಳೆದ ಮಾತ್ರಕ್ಕೆ ಸೀಟು ಬಂತು ಅಂತಲ್ಲ. ನಮ್ಮ ನಕ್ಷೆ 2024ರ ವೋಟು ನಂಬಿಕೊಂಡು ಮಾಡಿದ್ದು. ದಕ್ಷಿಣ ಟೆಕ್ಸಸ್‌ನ ಲ್ಯಾಟಿನೋ ಜನ ಆ ಸಲ ಟ್ರಂಪ್ ಕಡೆ ಜೋರಾಗಿ ವಾಲಿದ್ದರು. ಅವರು ಮತ್ತೆ ಹಾಗೇ ಹಾಕ್ತಾರಾ ಅನ್ನೋದರ ಮೇಲೆ ಆ ಸೀಟುಗಳು ನಿಂತಿವೆ.

ಸೀಟು ಹಿಂದಿನಷ್ಟು ಯಾಕೆ ಅಲುಗಾಡೋದಿಲ್ಲ ಅನ್ನೋದಕ್ಕೆ ಒಂದು ಲೆಕ್ಕ. 2008ರಲ್ಲಿ ಅಧ್ಯಕ್ಷರಿಗೆ ಒಂದು ಪಕ್ಷ, ಹೌಸ್‌ಗೆ ಇನ್ನೊಂದು ಪಕ್ಷ ಆರಿಸಿದ ಕ್ಷೇತ್ರಗಳು 83 ಇದ್ದವು. 2024ರಲ್ಲಿ 16 ಮಾತ್ರ. ಅದರಲ್ಲಿ ಟ್ರಂಪ್ ಗೆದ್ದು ಹೌಸ್ ಸೀಟು ಡೆಮಾಕ್ರಟರಿಗೆ ಹೋಗಿದ್ದು 13. ಡೆಮಾಕ್ರಟರ ಅಧ್ಯಕ್ಷ ಅಭ್ಯರ್ಥಿ ಹ್ಯಾರಿಸ್ ಗೆದ್ದು ಹೌಸ್ ಸೀಟು ರಿಪಬ್ಲಿಕನ್ನರಿಗೆ ಹೋಗಿದ್ದು 3. ಹಾಗಾಗಿ 63ರಂಥ ಅಂಕಿ ಬರೆಯೋಕೆ ನನಗೆ ಧೈರ್ಯ ಬರೋದಿಲ್ಲ. ಆದರೆ 2024ರ ಫಲಿತಾಂಶ ರಿಪಬ್ಲಿಕನ್ನರಿಗೆ 220, ಡೆಮಾಕ್ರಟರಿಗೆ 215. ಬಹುಮತಕ್ಕೆ 218 ಸಾಕು. ಮೂರು ಸೀಟು ಆಚೀಚೆ ಆದರೆ ಸ್ಪೀಕರ್ ಕುರ್ಚಿಯೇ ಬದಲಾಗುತ್ತೆ.

ಡೆಟ್ರಾಯಿಟ್‌ನಿಂದ

ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರ ಮಿಡ್‌ಟರ್ಮ್‌ನಲ್ಲೇ ನಮ್ಮೂರಿಂದ ಹೌಸ್‌ಗೆ ಹೋದರು. ನಮಗೆಲ್ಲ ಅವತ್ತು ತುಂಬಾ ಖುಷಿ. ಆದರೆ ಅವರ ನಿಜವಾದ ಪೈಪೋಟಿ ಆಗಸ್ಟ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲೇ, ಅಂದ್ರೆ ಪಕ್ಷದ ಅಭ್ಯರ್ಥಿ ಆರಿಸುವ ಚುನಾವಣೆಯಲ್ಲೇ ಮುಗಿದಿತ್ತು. ಇಂಥ ಸೀಟು ಯಾವ ಅಲೆಗೂ ಅಲ್ಲಾಡೋದಿಲ್ಲ. 435ರಲ್ಲಿ ಬಹುಪಾಲು ಹೀಗೇ. ಅವನ್ನೆಲ್ಲ ಹೊಡೆದು ಹಾಕಿ, ಸೀಟುಗಳ ಅಂದಾಜು ಹಾಕುವ ಕುಕ್ ಪೊಲಿಟಿಕಲ್ ರಿಪೋರ್ಟ್‌ನಂಥವರು 'ಟಾಸ್‌ಅಪ್' (ಯಾರು ಬೇಕಾದರೂ ಗೆಲ್ಲಬಹುದು), 'ಲೀನ್' (ಒಂದು ಕಡೆ ಸ್ವಲ್ಪ ವಾಲಿದೆ) ಅಂತ ಗುರುತಿಸಿದ ಸೀಟುಗಳನ್ನು ಮಾತ್ರ ಇಟ್ಟುಕೊಳ್ಳಿ. ಪಟ್ಟಿ ತಾನಾಗೇ ಚಿಕ್ಕದಾಗುತ್ತೆ.

ಸೆನೆಟ್ ಬೇರೆಯೇ ಲೆಕ್ಕ, ಹೌಸ್ ಜತೆ ಕಲಸಬೇಡಿ. 2018ರಲ್ಲಿ ಹೌಸ್‌ನಲ್ಲಿ ಅಷ್ಟು ಸೀಟು ಕಳೆದುಕೊಂಡ ರಿಪಬ್ಲಿಕನ್ನರಿಗೆ ಸೆನೆಟ್‌ನಲ್ಲಿ 2 ಸೀಟು ಹೆಚ್ಚಾಯಿತು. ಯಾಕಂದ್ರೆ ಟ್ರಂಪ್ ಗೆದ್ದಿದ್ದ 10 ರಾಜ್ಯಗಳಲ್ಲಿ ಡೆಮಾಕ್ರಟರು ತಮ್ಮ ಸೀಟು ಉಳಿಸಿಕೊಳ್ಳಬೇಕಿತ್ತು. ನಾರ್ತ್ ಡಕೋಟ, ಇಂಡಿಯಾನ, ಮಿಸ್ಸೂರಿ, ಫ್ಲೋರಿಡಾ ಕೈತಪ್ಪಿದವು, ಬೇರೆ ಕಡೆ ಎರಡು ಮಾತ್ರ ಸಿಕ್ಕವು. ಈ ಸಲ 35 ಸೀಟಿಗೆ ಚುನಾವಣೆ. 22 ರಿಪಬ್ಲಿಕನ್ನರದು, 13 ಡೆಮಾಕ್ರಟರದು. ಕೇಳೋಕೆ ಡೆಮಾಕ್ರಟರಿಗೆ ಅನುಕೂಲ ಅನ್ನಿಸುತ್ತೆ. ಆದರೆ ಆ 22ರಲ್ಲಿ ಹ್ಯಾರಿಸ್ ಗೆದ್ದ ರಾಜ್ಯ ಮೇಯ್ನ್ ಒಂದೇ. ಡೆಮಾಕ್ರಟರೋ ಟ್ರಂಪ್ ಗೆದ್ದ ಜಾರ್ಜಿಯಾ, ನಮ್ಮ ಮಿಷಿಗನ್ ಎರಡನ್ನೂ ಉಳಿಸಿಕೊಳ್ಳಬೇಕು. ನಿಮ್ಮಲ್ಲಿ ರಿಪಬ್ಲಿಕನ್ ಸೆನೆಟರ್ ಟಿಲಿಸ್ ಮತ್ತೆ ನಿಲ್ಲೋದಿಲ್ಲ ಅಂದಿದ್ದರಿಂದ ನಾರ್ತ್ ಕೆರೊಲಿನಾ ಸೀಟಿಗೆ ಹಾಲಿ ಸೆನೆಟರ್ ಪೈಪೋಟಿಯಲ್ಲಿಲ್ಲ. ಮಗನಿಗೆ ಒಳ್ಳೆ ವಿಷಯ ಮನೆ ಬಾಗಿಲಲ್ಲೇ ಇದೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ

ಒಂದೇ ಮಾತು. ಚುನಾವಣೆ ರಾತ್ರಿಯ ಅಂಕಿ ನೋಡಿ ಸರಿ ತಪ್ಪು ತೀರ್ಮಾನ ಮಾಡಬೇಡಿ. ಇಲ್ಲಿ ಬಹಳ ಜನ ಅಂಚೆಯಲ್ಲೇ ವೋಟು ಹಾಕ್ತಾರೆ. ಪ್ರತಿ ಲಕೋಟೆಯ ಸಹಿ ತಾಳೆ ನೋಡಬೇಕು. 2018ರಲ್ಲಿ ಸೆಂಟ್ರಲ್ ವ್ಯಾಲಿಯ 21ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ವಲದಾವೊ ಗೆದ್ದರು ಅಂತ ಸುದ್ದಿಸಂಸ್ಥೆಯೇ ಘೋಷಿಸಿ, ಮೂರು ವಾರದ ಹತ್ತಿರ ಅದನ್ನು ವಾಪಸ್ ತಗೊಂಡಿತು. ಕೊನೆಗೆ ಡೆಮಾಕ್ರಟ್ ಕಾಕ್ಸ್ 862 ವೋಟಿನಿಂದ ಗೆದ್ದರು. 2022ರಲ್ಲಿ ಚುನಾವಣೆ ನವೆಂಬರ್ 8ಕ್ಕೆ, ಹೌಸ್ ಬಹುಮತ ಯಾರಿಗೆ ಅಂತ ಗೊತ್ತಾಗಿದ್ದು 16ಕ್ಕೆ. ಟೀಚರ್ ಮಾರ್ಕ್ಸ್ ಕೊಡೋದು ಯಾವ ದಿನದ ಅಂಕಿ ನೋಡಿ ಅಂತ ಮೊದಲೇ ಕೇಳಿಕೊಳ್ಳಿ.

ಕೇಳಿದವರಿಂದ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಎಲ್ಲಾ ಓದಿದೆವು. ಅವನು ಆ ಒಂದು ಸರ್ವೆ ಪಕ್ಕಕ್ಕಿಟ್ಟ. ಈಗ ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿದ್ದಾನೆ: ಕಳೆದುಕೊಳ್ಳೋಕೆ ಎಷ್ಟಿದೆ, ಸರ್ವೆಗಳ ಸರಾಸರಿ, ಉಪಚುನಾವಣೆಗಳು, ನಕ್ಷೆ. ಹೌಸ್‌ನಲ್ಲಿ ಡೆಮಾಕ್ರಟರಿಗೆ ಲಾಭ ಅಂತ ಪೆನ್ನಲ್ಲಿ ಬರೆದ. ಅಂಕಿಯನ್ನು ಮಾತ್ರ ಪೆನ್ಸಿಲ್‌ನಲ್ಲಿ, "10ರಿಂದ 30ರ ಒಳಗೆ" ಅಂತ. ಇಷ್ಟು ಅಗಲ ಇಟ್ಟರೆ ಟೀಚರ್ ಒಪ್ಪುತ್ತಾರಾ ಅಂತ ನಾನು ಕೇಳಿದೆ. ಕಾರಣ ಬರೆದರೆ ಒಪ್ಪುತ್ತಾರೆ ಅಂದ. ಸೆನೆಟ್ ಪುಟ ಇನ್ನೂ ಖಾಲಿ ಇದೆ. ನಮ್ಮ ಪಕ್ಕದ ಮನೆಯವರು ಇಪ್ಪತ್ತು ವರ್ಷದಿಂದ ಇಲ್ಲಿ ವೋಟು ಹಾಕುತ್ತಾ ಬಂದವರು. ಶನಿವಾರ ಅವರ ಹತ್ತಿರ ಹೋಗಿ ನಮ್ಮ ರಾಜ್ಯದ ಸೀಟಿನ ಬಗ್ಗೆ ಕೇಳಿಕೊಂಡು ಬರ್ತಾನಂತೆ.