ಅಡಿಕೆ ತೂಕದ ಒಟ್ಟು ಬರೋ ಜಾಗದಲ್ಲಿ ‘ನ್ಯಾನ್’ ಬರ್ತಿದೆ, ಸಹಾಯ ಮಾಡಿ

ತೋಟದ_ಲೆಕ್ಕ (ತೀರ್ಥಹಳ್ಳಿ): ಮಾರಾಯ್ರೆ, ತಲೆ ಕೆಟ್ಟು ಹೋಗಿದೆ. ಮಂಡಿಗೆ ಕಳಿಸಿದ ಮೂಟೆಗಳ ತೂಕ ಕೂಡಿಸೋಕೆ ಜಾವಾಸ್ಕ್ರಿಪ್ಟಲ್ಲಿ (ವೆಬ್ ಪುಟಕ್ಕೆ ಕೋಡ್ ಬರೆಯೋ ಭಾಷೆ) ಒಂದು ವೆಬ್ ಪುಟ ಮಾಡ್ತಿದ್ದೇನೆ. ರಾಶಿ, ಬೆಟ್ಟೆ, ಸರಕು ಅಂತ ಅಡಿಕೆಯ ಬಗೆ ಪ್ರಕಾರ ಸಾಲಾಗಿ ತೂಕ ಹಾಕಿ ಬಟನ್ ಒತ್ತಿದ್ರೆ ಒಟ್ಟು ಬರಬೇಕು. ಬರೋದು ‘ನ್ಯಾನ್’ (NaN, ‘ಇದು ಸಂಖ್ಯೆ ಅಲ್ಲ’ ಅಂತ). ಎರರ್ ಎಂತದೂ ಇಲ್ಲ. ಒಂದೊಂದೇ ಸಾಲು ತಗೊಂಡು ಕೂಡಿಸೋ ಲೂಪ್ ಸರಿ ಇದೆ. ಅಪ್ಪಯ್ಯ ಸಂಜೆಗೆ ಲೆಕ್ಕ ಕೇಳ್ತಾರೆ.

ಸಾಗರದವ: ಇನ್‌ಪುಟ್ ಬಾಕ್ಸಿಂದ ಬರೋದು ಸ್ಟ್ರಿಂಗ್, ಅಂದ್ರೆ ಬರೀ ಅಕ್ಷರದ ಸಾಲು. ನಂಬರ್ ಮಾಡ್ಕೊಂಡ್ರಾ?

ತೋಟದ_ಲೆಕ್ಕ: ಹೌದು, ನಂಬರ್ ಫಂಕ್ಷನ್ ಹಾಕಿದ್ದೇನೆ.

ಸಾಗರದವ: ಹಂಗಾದ್ರೆ ಕಾಮಾ ಇರ್ಬೇಕು. ‘1,250’ ಅಂತ ಹಾಕಿದ್ರೆ ನ್ಯಾನ್ ಬರುತ್ತೆ. ಖಾಲಿ ಸಾಲಿದ್ರೂ ಅಷ್ಟೆ.

ತುಂಗಾ_ತಟ: ಖಾಲಿ ಸಾಲಿಗೆ ನಂಬರ್ ಕೊಡೋದು 0. ನ್ಯಾನ್ ಕೊಡೋದು ಪಾರ್ಸ್‌ಫ್ಲೋಟ್ ಅನ್ನೋ ಇನ್ನೊಂದು ಫಂಕ್ಷನ್. ತೋಟದವರೇ, ಲೂಪಿಗಿಂತ ಮೇಲಿನ ಸಾಲು ಹಾಕಿ. ‘ಒಟ್ಟು’ ಅನ್ನೋ ವೇರಿಯಬಲ್ (ಮೊತ್ತ ಇಟ್ಕೊಳ್ಳೋ ಹೆಸರು) ಎಲ್ಲಿ ಡಿಕ್ಲೇರ್ ಮಾಡಿದ್ದೀರಿ?

ಸಾಗರದವ: ಮೊದಲು ಕಾಮಾ ನೋಡಿ ಅಂದೆ. ನಂಗೆ ಇದೇ ಆಗಿತ್ತು.

ತೋಟದ_ಲೆಕ್ಕ: ಕಾಮಾ ಇಲ್ಲ. 65 ಅಂತ ಒಂದೇ ಸಾಲು ಹಾಕಿದ್ರೂ ನ್ಯಾನ್. ಮೇಲೆ ‘ಲೆಟ್ ಒಟ್ಟು;’ ಅಂತ ಇದೆ, ಅಷ್ಟೆ.

ತುಂಗಾ_ತಟ: ಅಲ್ಲೇ ಇದೆ ನೋಡಿ. ಏನೂ ತುಂಬದೆ ಬಿಟ್ಟ ವೇರಿಯಬಲ್ಲಲ್ಲಿ ಸೊನ್ನೆ ಇರಲ್ಲ, ‘ಅನ್‌ಡಿಫೈನ್ಡ್’ (ಇನ್ನೂ ಬೆಲೆ ಕೊಟ್ಟಿಲ್ಲ ಅಂತ) ಇರುತ್ತೆ. ಅದಕ್ಕೆ 65 ಕೂಡಿಸಿದ್ರೆ ನ್ಯಾನ್. ಒಮ್ಮೆ ನ್ಯಾನ್ ಆದ್ಮೇಲೆ ಎಷ್ಟು ಮೂಟೆ ಕೂಡಿಸಿದ್ರೂ ನ್ಯಾನೇ. ಜಾವಾಸ್ಕ್ರಿಪ್ಟ್ ಇದನ್ನ ತಪ್ಪು ಅಂತ ಎಣಿಸಲ್ಲ, ಅದಕ್ಕೇ ಎರರ್ ಬರ್ಲಿಲ್ಲ. ತೂಕ ಸ್ಟ್ರಿಂಗೇ ಆಗಿದ್ರೆ ‘ಅನ್‌ಡಿಫೈನ್ಡ್65’ ಅಂತ ಅಂಟಿಕೊಂಡು ಬರ್ತಿತ್ತು. ‘ಲೆಟ್ ಒಟ್ಟು = 0;’ ಅಂತ ಮಾಡಿ.

ಆಗುಂಬೆ_ಮಳೆ: ಲೆಟ್ ಬದಲು ಹಳೇ ‘ವಾರ್’ ಹಾಕಿ ಡಿಕ್ಲೇರ್ ಮಾಡಿದ್ರೆ ಈ ರಗಳೆನೇ ಇಲ್ಲ.

ತುಂಗಾ_ತಟ: ವಾರ್‌ಗೂ ಇದೇ ಗತಿ. ಡಿಕ್ಲೇರ್ ಮಾಡೋ ಸಾಲಿಗಿಂತ ಮೊದಲೇ ಓದಿದ್ರೂ ಅದು ಸುಮ್ನೆ ಅನ್‌ಡಿಫೈನ್ಡ್ ಕೊಡುತ್ತೆ. ಲೆಟ್ ಆದ್ರೆ ರೆಫರೆನ್ಸ್ ಎರರ್ ಕೊಟ್ಟು ಅಲ್ಲೇ ನಿಲ್ಲಿಸುತ್ತೆ. 2015ರಿಂದ ಲೆಟ್ ಇದೆ, ಹೊಸಬರಿಗೆ ವಾರ್ ಹೇಳ್ಕೊಡಬೇಡಿ.

ಆಗುಂಬೆ_ಮಳೆ: ಹಳೇ ಕೋಡೆಲ್ಲ ವಾರಲ್ಲೇ ಓಡ್ತಿಲ್ವಾ?

ತೋಟದ_ಲೆಕ್ಕ: ಲೂಪಿನೊಳಗೆ ‘ಲೆಟ್ ಒಟ್ಟು = 0;’ ಹಾಕ್ದೆ. ಈಗ ‘ಒಟ್ಟು ತೂಕ: ಅನ್‌ಡಿಫೈನ್ಡ್’ ಅಂತ ಬರ್ತಿದೆ!

ತುಂಗಾ_ತಟ: ಒಳಗಲ್ಲ. ಲೂಪಿನೊಳಗಿನ ಒಟ್ಟು ಬೇರೆ, ಹೊರಗಿನದು ಬೇರೆ. ಒಳಗಿನದು ಪ್ರತಿ ಸುತ್ತಿಗೂ ಹೊಸದಾಗಿ ಬಂದು ಅಲ್ಲೇ ಮುಗಿಯುತ್ತೆ. ನೀವು ತೋರಿಸ್ತಿರೋದು ಹೊರಗಿನ ಖಾಲಿ ಒಟ್ಟು. ಒಳಗಿನ ಸಾಲು ಅಳಿಸಿ, ಮೇಲಿನದಕ್ಕೇ ಸೊನ್ನೆ ಕೊಡಿ. ಆ ಸಾಲು ಬಟನ್ ಒತ್ತಿದಾಗ ಓಡೋ ಫಂಕ್ಷನ್ ಒಳಗೇ ಇರಲಿ, ಇಲ್ಲಾಂದ್ರೆ ಎರಡನೇ ಸಲ ಒತ್ತಿದಾಗ ಹಳೇ ಮೊತ್ತದ ಮೇಲೇ ಕೂಡುತ್ತೆ.



ತೋಟದ_ಲೆಕ್ಕ: ಬಂತು ಬಂತು! ರಾಶಿಗೊಂದು, ಬೆಟ್ಟೆಗೊಂದು ಒಟ್ಟು ಬೇಕು ಅಂತ ಖಾಲಿ ಆಬ್ಜೆಕ್ಟ್ (ಒಂದೊಂದು ಹೆಸರಿಗೆ, ಅಂದ್ರೆ ಕೀಗೆ, ಒಂದೊಂದು ಬೆಲೆ ಇಡೋ ಪಟ್ಟಿ) ಇಟ್ಟು ‘ಒಟ್ಟು[ಬಗೆ] += ತೂಕ’ ಅಂದ್ರೆ ಮತ್ತೆ ನ್ಯಾನ್.

ತುಂಗಾ_ತಟ: ಅದೇ ರೋಗ. ಆಬ್ಜೆಕ್ಟಲ್ಲಿ ಇಲ್ಲದ ಕೀ ಓದಿದ್ರೂ ಅನ್‌ಡಿಫೈನ್ಡೇ. ‘ಒಟ್ಟು[ಬಗೆ] = (ಒಟ್ಟು[ಬಗೆ] ?? 0) + ತೂಕ’ ಅಂತ ಬರೀರಿ. ‘??’ ಅಂದ್ರೆ ಎಡಗಡೆ ಅನ್‌ಡಿಫೈನ್ಡ್ ಇದ್ರೆ ಬಲಗಡೆಯ 0 ತಗೋ ಅಂತ.