ಸಹಾಯ ಬೇಕು: ಬೇಡದ ಮೆಸೇಜ್ ತಡೆಯೋಕೆ ಹೋಗಿ ಬೇಕಾದದ್ದೇ ಮಾಯ

ಎಲ್ಲರಿಗೂ ನಮಸ್ಕಾರ. ಜಿಮೇಲ್‌ನಲ್ಲಿ ಲೋನ್, ಆಫರ್ ಅಂತ ದಿನಾ ಹತ್ತಿಪ್ಪತ್ತು ಮೇಲ್ ಬರುತ್ತಿದ್ದವು. ಬೇಸತ್ತು 'ಆಫರ್' ಅನ್ನೋ ಇಂಗ್ಲಿಷ್ ಪದಕ್ಕೆ ಫಿಲ್ಟರ್ ಹಾಕಿ, ನೇರ ಡಿಲೀಟ್ ಆಗುವಂತೆ ಮಾಡಿದೆ. ಬುದ್ಧಿವಂತ ನಾನು! ಮಗಳು ಕೆಲಸಕ್ಕೆ ನನ್ನ ಮೇಲ್ ಐಡಿ ಕೊಟ್ಟಿದ್ದಳು. ಅವಳ ಆಫರ್ ಲೆಟರ್ ಸೀದಾ ಟ್ರ್ಯಾಶ್‌ಗೆ ಹೋಗಿ ಕೂತಿತ್ತು. ಅಲ್ಲಿ 30 ದಿನ ಆದಮೇಲೆ ತಾನಾಗೇ ಅಳಿಸಿಹೋಗುತ್ತೆ. ನಾನು ನೋಡಿದ್ದು 26ನೇ ದಿನ. ಪುಣ್ಯಕ್ಕೆ ಸಿಕ್ಕಿತು. ಮಗಳು ಮಾತ್ರ ಎರಡು ದಿನ ಮಾತಾಡಲಿಲ್ಲ.

ಲೋನ್‌ನವರು ಇನ್ನೂ ಜಾಣರು. ಇಂಗ್ಲಿಷಿನ 'ಓ' ಅಕ್ಷರದ ಜಾಗದಲ್ಲಿ ಸೊನ್ನೆ ಹಾಕಿ ಕಳಿಸುತ್ತಾರೆ, ಫಿಲ್ಟರ್‌ಗೆ ಗೊತ್ತೇ ಆಗಲ್ಲ. ಈಗ ಡಿಲೀಟ್ ತೆಗೆದು, ಇನ್‌ಬಾಕ್ಸ್‌ಗೆ ಬಾರದೆ ಬೇರೆ ಲೇಬಲ್‌ಗೆ ಹೋಗುವಂತೆ ಮಾಡಿದ್ದೇನೆ. ಗೊತ್ತಿರುವ ವಿಳಾಸಗಳಿಗೆ 'ಸ್ಪ್ಯಾಮ್‌ಗೆ ಕಳಿಸಬೇಡ' ಅಂತಲೂ ಹಾಕಿದೆ. ಇಷ್ಟು ಸಾಕಾ?

ದೊಡ್ಡ ತಲೆನೋವು ನಮ್ಮ ಬಡಾವಣೆಯ ವಾಟ್ಸಾಪ್ ಗುಂಪು. ನಾನೇ ಅಡ್ಮಿನ್. ನೀರು ಯಾವಾಗ ಬಿಡ್ತಾರೆ ಅಂತ ಯಾರೋ ಕೇಳಿದರೆ, ಕೆಳಗೇ ಶೇರು ಮಾರುಕಟ್ಟೆ ಲಿಂಕ್ ಬಂದು ಬೀಳುತ್ತೆ. ಹೊಸಬರಿಗೆ ಅಡ್ಮಿನ್ ಒಪ್ಪಿಗೆ ಕಡ್ಡಾಯ ಮಾಡಿದ್ದೇನೆ. ಕಂಡ ಲಿಂಕನ್ನೆಲ್ಲ ಅಳಿಸುತ್ತೇನೆ. ಆದರೆ ರಾತ್ರಿ ಎರಡಕ್ಕೆ ಎದ್ದು ಅಳಿಸೋಕಾಗುತ್ತಾ? ಅಡ್ಮಿನ್‌ಗಳು ಮಾತ್ರ ಬರೆಯೋ ಹಾಗೆ ಮಾಡಿದರೆ ನೀರಿನ ವಿಷಯ ಕೇಳೋರು ಯಾರು?

ಟೆಲಿಗ್ರಾಂನಲ್ಲಿ ಬಾಟ್ (ತಾನಾಗೇ ಕೆಲಸ ಮಾಡೋ ಪ್ರೋಗ್ರಾಂ) ಇಟ್ಟರೆ ಲಿಂಕ್ ತಾನಾಗೇ ಅಳಿಸುತ್ತಂತೆ. ಯಾರಾದರೂ ಬಳಸಿದ್ದೀರಾ? ಕನ್ನಡದಲ್ಲಿ ಬರೆದ ಮೆಸೇಜನ್ನೂ ಹಿಡಿಯುತ್ತಾ? ನಮ್ಮಲ್ಲಿ ವಯಸ್ಸಾದವರೇ ಜಾಸ್ತಿ, ಅವರನ್ನು ಅಲ್ಲಿಗೆ ಕರೆದೊಯ್ಯೋದು ಹೇಗೆ ಅಂತಲೂ ಹೇಳಿ.